ಇಬ್ಬರ ಬದಲು ನಾಲ್ವರು

ಚಿರಂಜೀವಿ ಗಣಪತಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮನೆಯ ವಿಷಯಗಳನ್ನೆಲ್ಲ ನಿನ್ನ ಅಮ್ಮ ಹೇಳಿಯೇ ಇರುತ್ತಾಳೆ, ಅವನ್ನು ಬಿಡುತ್ತೇನೆ. ನಿನ್ನ ಪತ್ರದ ಕೊನೆಯ ಸಾಲೊಂದು ಎರಡು ರಾತ್ರಿ ನನ್ನ ನಿದ್ದೆ ಕೆಡಿಸಿತು: ‘ಈ ಸೀಸನ್ನಿನಿಂದ ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಡೈವಿಂಗಿಗೆ ಇಬ್ಬರ ಬದಲು ನಾಲ್ವರನ್ನು ಒಟ್ಟಿಗೆ ಇಳಿಸುತ್ತೇನೆ, ಇಲ್ಲದಿದ್ದರೆ ಸಾಲದ ಕಂತು ಕಟ್ಟಲಾಗದು, ನಿಯಮದಲ್ಲೂ ಅಡ್ಡಿಯಿಲ್ಲ.’

ಅಡ್ಡಿಯಿಲ್ಲವೆಂಬುದು ನಿಜ. ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಮೊದಲ ಸಲ ಸ್ಕೂಬಾಕ್ಕೆ ಇಳಿಯುವವರನ್ನು ಒಬ್ಬ ಬೋಧಕ ನಾಲ್ವರವರೆಗೆ ಕರೆದೊಯ್ಯಬಹುದು, 12 ಮೀಟರ್ ದಾಟಬಾರದು ಎಂಬ, ಡೈವಿಂಗ್ ತರಬೇತಿಯ ಅಂತರರಾಷ್ಟ್ರೀಯ ಸಂಸ್ಥೆಯಾದ ಪ್ಯಾಡಿಯ ನಿಯಮವನ್ನು ನೀನೇ ನನಗೆ ತೋರಿಸಿದ್ದೆ. ಆದರೆ ಅದು ಮೀರಬಾರದ ಗೆರೆ. ನೀರು ಕದಡಿದ ದಿನ, ಬಂದವರು ಅಂಜುವ ದಿನ ಆ ಸಂಖ್ಯೆಯನ್ನು ಇನ್ನೂ ಇಳಿಸಬೇಕೆಂದೂ ಅಲ್ಲೇ ಇದೆ. ಪೇಟೆಯಲ್ಲಿ ಮಾತ್ರ ಆ ನಾಲ್ಕೇ ದರ ಕಟ್ಟಿಬಿಡುತ್ತದೆ: ಸುಮಾರು 19 ಕಿಲೋಮೀಟರ್ ದೂರದ ದ್ವೀಪಕ್ಕೆ ಹೋಗಿಬರುವ ಡೀಸೆಲ್, ಬೋಧಕನ ಸಂಬಳ, ಸಿಲಿಂಡರಿನ ಗಾಳಿಯನ್ನು ಉಸಿರಿಗೆ ಒದಗಿಸುವ ರೆಗ್ಯುಲೇಟರಿನ ವಾರ್ಷಿಕ ಸರ್ವೀಸು, ಸಿಲಿಂಡರುಗಳ ಒತ್ತಡ ಪರೀಕ್ಷೆ, ತುರ್ತು ಆಮ್ಲಜನಕ ಎಲ್ಲವನ್ನೂ ನಾಲ್ಕು ತಲೆಗೆ ಹಂಚುವವನ ಮುಂದೆ ಎರಡು ತಲೆಗೆ ಹಂಚುವವನು ಸೋಲುತ್ತಾನೆ. ಅದೂ ಮಳೆಗಾಲವಿಡೀ ದೋಣಿ ದಡ ಬಿಡದ ಮುರುಡೇಶ್ವರದಲ್ಲಿ. ನಿನ್ನ ಲೆಕ್ಕ ಸರಿಯಾಗಿಯೇ ಇದೆ, ಗಣಪತಿ. ನನಗೆ ಹೆದರಿಕೆಯಾಗಿರುವುದೂ ಅದಕ್ಕೇ.

10 ಮೀಟರ್ ಆಳದಲ್ಲಿ ಒಬ್ಬ ಗಾಬರಿಬಿದ್ದು ಉಸಿರು ಬಿಗಿಹಿಡಿದು ಮೇಲಕ್ಕೆ ಚಿಮ್ಮಿದರೆ ಎದೆಯೊಳಗಿನ ಗಾಳಿ ಎರಡು ಪಟ್ಟು ಹಿಗ್ಗಿ ಶ್ವಾಸಕೋಶ ಹರಿಯಬಹುದು, ಅವನನ್ನು ಹಿಡಿದು ನಿಲ್ಲಿಸಲೇಬೇಕು ಎಂದು ನೀನೇ ಹೇಳಿದ್ದೆ. ಆಗ ಉಳಿದ ಮೂವರನ್ನು ಯಾವ ಕೈಯಿಂದ ಹಿಡಿಯುತ್ತೀಯೆ?

ಜಾತ್ರೆಯ ದಿನ ನನ್ನ ದೋಣಿಯಿಂದ ಮಗು ನೀರಿಗೆ ಬಿದ್ದ ಕಥೆ ನಿಮಗೆಲ್ಲ ಗೊತ್ತು. ಗೊತ್ತಿಲ್ಲದ್ದು ಅದರ ಹಿಂದಿನದು. ಹನ್ನೆರಡು ಜನರ ದೋಣಿಗೆ ಹದಿನಾಲ್ಕು ಜನರನ್ನು ಹತ್ತಿಸಲು ಶುರುಮಾಡಿ ಆಗಲೇ ಎರಡು ವರ್ಷವಾಗಿತ್ತು. ಆ ಇಬ್ಬರ ಹಣವನ್ನು ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ, ನಿನ್ನ ದೊಡ್ಡಮ್ಮನಿಗೂ ಕಾಣದಂತೆ, ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದೆ. ನೀರಿಗೂ ದೋಣಿಯ ಅಂಚಿಗೂ ನಡುವೆ ಒಂದು ಗೇಣು ಉಳಿದಿರುತ್ತಿತ್ತು. ಏನೂ ಆಗದೆ ದಿನ ಕಳೆದಂತೆ ಆ ಗೇಣು ನನ್ನ ಕಣ್ಣಿಗೆ ಮೊಳವಾಗಿ ಕಾಣತೊಡಗಿತು. ಮಗುವನ್ನು ಎತ್ತಿ ಕೈಗೆ ಕೊಟ್ಟಾಗ ತಾಯಿ ಬೈಯಲಿಲ್ಲ. ದಡ ಮುಟ್ಟಿದ ಮೇಲೆ ಎಲ್ಲರಂತೆ ಹಣ ಎಣಿಸಿಕೊಟ್ಟು ಇಳಿದುಹೋದಳು. ಆ ಒದ್ದೆ ನೋಟನ್ನು ನಾನು ಬೇಡವೆನ್ನಲಿಲ್ಲ.

ದೋಣಿ ನಡೆಸಿದವನು ನಿನಗೆ ಬುದ್ಧಿ ಹೇಳುವುದು ಹೆಚ್ಚಾಯಿತೇನೋ. ಇಬ್ಬಿಬ್ಬರಂತೆ ಸರದಿ ಹೆಚ್ಚಿಸು ಎನ್ನೋಣವೆಂದರೆ, ದಿನವಿಡೀ ಮತ್ತೆ ಮತ್ತೆ ಇಳಿದು ಏರುವುದು ನಿನ್ನ ಶರೀರಕ್ಕೇ ಅಪಾಯ. ಇನ್ನೊಬ್ಬರೊಡನೆ ದೋಣಿ ಹಂಚಿಕೊಂಡರೆ ಡೀಸೆಲ್ಲಿನ ಖರ್ಚು ಇಳಿದೀತು. ಮಳೆಗಾಲದಲ್ಲಿ ಬೆಂಗಳೂರಿನ ಈಜುಕೊಳವೊಂದರಲ್ಲಿ ಸ್ಕೂಬಾದ ಪೂರ್ತಿ ಕೋರ್ಸಿನ ಮೊದಲ ಪಾಠಗಳನ್ನು ಮುಗಿಸಿ, ಸಮುದ್ರದ ನಾಲ್ಕು ಡೈವ್‌ಗಳಿಗೆ ಕಲಿಯುವವರನ್ನು ಸೀಸನ್ನಿನಲ್ಲಿ ನೇತ್ರಾಣಿಗೆ ಕರೆತರಬಹುದು. ಅಷ್ಟು ದುಡ್ಡು ಕೊಟ್ಟು ಕಲಿಯುವವರು ಎಷ್ಟು ಜನ ಎಂದು ನೀನು ನಗುತ್ತೀಯೆ, ಬಲ್ಲೆ.

ಇಬ್ಬರನ್ನೇ ಇಳಿಸಿದರೆ ಕಂತಿಗೆ ಎಷ್ಟು ಕಡಿಮೆ ಬೀಳುತ್ತದೆಂದು ಬರೆ. ದೋಣಿ ಮಾರಿದ ಹಣದಲ್ಲಿ ಸ್ವಲ್ಪ ಇನ್ನೂ ಬ್ಯಾಂಕಿನಲ್ಲಿದೆ. ಈ ವಿಷಯ ನಿನ್ನ ಅಪ್ಪನವರೆಗೆ ಹೋಗುವುದು ಬೇಡ.

ಇಂತಿ ನಿನ್ನ
ದೊಡ್ಡಪ್ಪ