ಆ ಹಾಡು ಜೈಲಿನದು, ದೋಸ್ತ

ದೋಸ್ತ,

ಮೊನ್ನೆ ರಾತ್ರಿ ದುಬೈನಿಂದ ನೀನು ಗುನುಗಿ ಕಳಿಸಿದ್ದೆಯಲ್ಲ, ಆ ಹಾಡಿನ ಹೆಸರು ‘ಅನ್‌ಚೇನ್ಡ್ ಮೆಲಡಿ’. ಕಾಲೇಜಿನಲ್ಲಿದ್ದಾಗ ನಿನ್ನ ರೂಮಿನಲ್ಲಿ ‘ಘೋಸ್ಟ್’ ಸಿನಿಮಾ ನೋಡಿದ್ದೆವಲ್ಲ? ಆ ಹುಡುಗಿ ರಾತ್ರಿ ಹೊತ್ತು ತಿಗರಿ ಮುಂದೆ ಕೂತು ಮಣ್ಣು ತಿದ್ದುತ್ತಿರುತ್ತಾಳೆ, ಅವನು ಹಿಂದಿನಿಂದ ಬಂದು ಕೈ ಸೇರಿಸುತ್ತಾನೆ, ಆಗ ಬರುವ ಹಾಡು. ಅದು 1990ರ ಸಿನಿಮಾ. ಅದಕ್ಕೇ ಬರೆದ ಹಾಡು ಅಂತ ನಾನು ಇಷ್ಟು ವರ್ಷ ತಿಳಿದಿದ್ದೆ.

ಅಲ್ಲ. ಹಾಡು ಹುಟ್ಟಿದ್ದು 1955ರಲ್ಲಿ, ‘ಅನ್‌ಚೇನ್ಡ್’ ಅನ್ನುವ ಜೈಲಿನ ಸಿನಿಮಾಕ್ಕೆ. ಓಡಿಹೋಗಲೋ, ಶಿಕ್ಷೆ ಮುಗಿಸಿಕೊಂಡೇ ಮನೆಗೆ ಹೋಗಲೋ ಅಂತ ಒದ್ದಾಡುವ ಕೈದಿಯ ಕಥೆ ಅದು. ರಾಗ ಅಲೆಕ್ಸ್ ನಾರ್ತ್‌ದು, ಸಾಲು ಹೈ ಜಾರೆಟ್‌ದು. ಸಿನಿಮಾದಲ್ಲಿ ಅದನ್ನು ಹಾಡುವ ಟಾಡ್ ಡಂಕನ್‌ದೂ ಕೈದಿಯ ಪಾತ್ರವೇ. ಹೆಸರು ಸಿನಿಮಾದಿಂದ ಬಂತು, ಹಾಡಿನೊಳಗೆ ಆ ಪದ ಎಲ್ಲೂ ಇಲ್ಲ.

ಇದು ಗೊತ್ತಾದ ಮೇಲೆ ನನಗೆ ಹಾಡೇ ಬದಲಾಯಿತು. ಕಳೆದ ವಾರ ಹಿಂಡಲಗಾ ಜೈಲಿನ ಮುಂದೆ ಗಾಡಿ ನಿಲ್ಲಿಸಿ ರೇನ್‌ಕೋಟ್ ಹಾಕಿಕೊಳ್ಳುತ್ತಿದ್ದೆ. ಒಬ್ಬಳು ಬಾಟಲಿ ನೀರನ್ನು ಅಂಗೈಗೆ ಸುರಿದುಕೊಂಡು, ಮಗನ ತಲೆ ಒದ್ದೆ ಮಾಡಿ, ಬೆರಳಲ್ಲೇ ಬೈತಲೆ ತೆಗೆಯುತ್ತಿದ್ದಳು. ಅಪ್ಪನ ಭೇಟಿಗೆ ಬಂದಿದ್ದರೇನೋ. ಹಾಡಿನಲ್ಲಿ ಇರುವುದೂ ಇಷ್ಟೇ ನೋಡು. ಹೊತ್ತು ಹೋಗುತ್ತಿಲ್ಲ, ನೀನಿನ್ನೂ ನನ್ನವಳೇ ಅಲ್ವಾ, ಕಾಯ್ತಿರು, ಮನೆಗೆ ಬರ್ತೀನಿ. ಕಣ್ಣು, ಕೆನ್ನೆ, ಚಂದ್ರ ಅಂತ ಹೊಗಳಿಕೆ ಒಂದೂ ಇಲ್ಲ. ಅದಕ್ಕೇ ಹಳತಾಗಿಲ್ಲ ಅನ್ನಿಸುತ್ತೆ. ಬ್ರಿಟನ್ನಿನಲ್ಲಿ ಬೇರೆ ಬೇರೆಯವರು ಹಾಡಿ ನಾಲ್ಕು ಸಲ ಇದು ನಂಬರ್ ಒನ್ ಆಗಿದೆ, 1955ರಲ್ಲಿ, 1990ರಲ್ಲಿ, 1995ರಲ್ಲಿ, 2002ರಲ್ಲಿ.

ಆದರೆ ನೀನು ಕೇಳಬೇಕಾದ್ದು ರೈಟಿಯಸ್ ಬ್ರದರ್ಸ್ ಅನ್ನುವ ಗಾಯಕರ ಜೋಡಿಯ 1965ರದ್ದೇ. ಹೆಸರಿಗೆ ಬ್ರದರ್ಸ್, ಅಣ್ಣತಮ್ಮ ಅಲ್ಲ, ಇದನ್ನಂತೂ ಬಾಬಿ ಹ್ಯಾಟ್‌ಫೀಲ್ಡ್ ಒಬ್ಬನೇ ಹಾಡಿದ್ದು. ರೆಕಾರ್ಡಿನ ಹಿಂಬದಿಗೆ ಹಾಕಿದ್ದ ಹಾಡನ್ನು ರೇಡಿಯೋದವರು ತಿರುವಿ ಹಾಕಿ ಗೆಲ್ಲಿಸಿದರು. ಮೆತ್ತಗೆ ಶುರುಮಾಡುತ್ತಾನೆ, ತುಂಬ ಹೊತ್ತು ತಡೆದುಕೊಂಡಿರುತ್ತಾನೆ. ಕೊನೆಗೆ ‘ನಿನ್ನ ಪ್ರೀತಿ ಬೇಕು’ ಅನ್ನುವಾಗ ಆ ‘ಬೇಕು’ ಅನ್ನುವ ಒಂದೇ ಪದಕ್ಕೆ ದನಿ ಏಕ್‌ದಂ ಮೇಲಕ್ಕೆ ಹೋಗುತ್ತದೆ. ಇಯರ್‌ಫೋನ್ ಹಾಕಿಕೊಂಡು, ಲೈಟ್ ಆರಿಸಿ ಕೇಳು.

ನಿನ್ನ ಹೆಂಡತಿ, ನಮ್ಮ ವೈನಿಗೂ ಕಳಿಸು. ಹೋದ ಭಾನುವಾರ ‘ಶನಿವಾರ ಖೂಟ’ ಪೇಟೆಯಲ್ಲಿ ಸಿಕ್ಕಿದ್ದರು. ‘ದೀಪಾವಳಿಗೆ ಬರ್ತಾರಂತ ನಿಮಗೇನಾದ್ರೂ ಹೇಳಿದಾರಾ?’ ಅಂತ ಕೇಳಿದರು. ನಾನು ಏನೂ ಹೇಳಲಿಲ್ಲ. ರಜೆ ಸಿಕ್ಕಿತಾ ಇಲ್ವಾ, ಫೋನ್ ಮಾಡಿ ನೀನೇ ಹೇಳು.