ಹನ್ನೆರಡು ಹರಳು ಕಡಿಮೆಯೇನಲ್ಲ
ಕಾರವಾರ

ಪ್ರೀತಿಯ ಕೂಸೇ,

ಮಾವನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ನಿನ್ನೆ ಫೋನಿನಲ್ಲಿ ನಿನ್ನ ದನಿ ತೀರಾ ಬಾಡಿತ್ತು. ಮೂರು ತಿಂಗಳು ಕರಿಕಲ್ಲು ಪುಡಿ ಮಾಡಿ ಸಿಕ್ಕಿದ್ದು ಹನ್ನೆರಡು ಹರಳು, ಇದನ್ನು ಬಿಟ್ಟು ಬೇರೆ ವಿಷಯ ತಗೊಳ್ತೇನೆ ಅಂದೆಯಲ್ಲ, ರಾತ್ರಿ ನಿದ್ದೆ ಬರಲಿಲ್ಲ. ಬಿಡಬೇಡ.

ನಿನಗೆ ಸಿಕ್ಕ ಆ ಖನಿಜ, ಬ್ಯಾಡ್ಲಿಯೈಟ್, ಸಿಗುವುದೇ ಅಪರೂಪ. ಬರೀ ಜಿರ್ಕೋನಿಯಂ, ಆಮ್ಲಜನಕ, ಅಷ್ಟೇ. ಕರಗಿದ ಕಲ್ಲಿನಲ್ಲಿ ಸಿಲಿಕಾ ಜಾಸ್ತಿ ಇದ್ದರೆ ಜಿರ್ಕೋನಿಯಂ ಅದರ ಜೊತೆ ಸೇರಿ ಜಿರ್ಕಾನ್ ಎಂಬ ಬೇರೆ ಖನಿಜ ಆಗುತ್ತದೆ. ಸಿಲಿಕಾ ಸಾಲದ ಕಡೆ ಮಾತ್ರ ಬ್ಯಾಡ್ಲಿಯೈಟ್ ಉಳಿಯುತ್ತದೆ. ನಿನ್ನ ಡೈಕಿನ, ಅಂದರೆ ಬಂಡೆಯ ಬಿರುಕಿಗೆ ಕರಗಿದ ಕಲ್ಲು ನುಗ್ಗಿ ಗಟ್ಟಿಯಾದ ಆ ಕರಿಕಲ್ಲಿನ ಪಟ್ಟಿಯ, ವಯಸ್ಸು ತಿಳಿಯಲು ಅದರಿಂದಲೇ ಅನುಕೂಲ. ಜಿರ್ಕಾನ್ ಆದರೆ ಹಳೆಯ ಬಂಡೆಯಿಂದ ಬಂದು ಸೇರಿಕೊಂಡಿರಬಹುದು, ತನ್ನ ಹಳೆಯ ವಯಸ್ಸನ್ನೇ ಹೇಳಬಹುದು. ಬ್ಯಾಡ್ಲಿಯೈಟ್ ಸಾಮಾನ್ಯವಾಗಿ ಆ ಡೈಕಿನಲ್ಲೇ ಹುಟ್ಟಿದ್ದು. ಹುಟ್ಟುವಾಗ ಒಳಗೆ ಯುರೇನಿಯಂ ಇರುತ್ತದೆ, ಸೀಸ ಇಲ್ಲವೆನ್ನುವಷ್ಟು ಕಡಿಮೆ. ಆಮೇಲೆ ಯುರೇನಿಯಂ ನಿಧಾನಕ್ಕೆ ಸೀಸವಾಗುತ್ತಾ ಬರುತ್ತದೆ. ಎರಡನ್ನೂ ಅಳೆದರೆ ವಯಸ್ಸು ಗೊತ್ತಾಯ್ತು. ಬೆಂಗಳೂರು, ಹಾರೋಹಳ್ಳಿ ಕಡೆಯ ಡೈಕುಗಳಿಗೆ ಸುಮಾರು 237 ಕೋಟಿ ವರ್ಷ ಅಂತ ತಿಳಿದದ್ದು ಇದೇ ಹರಳಿನಿಂದ. ಹನ್ನೆರಡು ಅಂದರೆ ಕೈತುಂಬಾ ಸಿಕ್ಕ ಹಾಗೆ, ಕೂಸೇ!

ಈ ಹೆಸರು ಬಂದದ್ದೂ ಹತ್ತಿರದಿಂದಲೇ. 1892ರಲ್ಲಿ ಶ್ರೀಲಂಕಾದ ರಕ್ವಾನದ ಹರಳುಗಳನ್ನು ಕಳಿಸಿಕೊಟ್ಟ ಜೋಸೆಫ್ ಬ್ಯಾಡ್ಲಿಯ ಹೆಸರನ್ನು ಇಟ್ಟರು. ನಿನ್ನ ಅಮ್ಮನ ಮೂಗುಬೊಟ್ಟಿನ ಅಮೆರಿಕನ್ ಡೈಮಂಡ್ ಇದೆಯಲ್ಲ, ಅದೂ ಜಿರ್ಕೋನಿಯಂ ಆಕ್ಸೈಡೇ. ಸ್ವಲ್ಪ ಯಿಟ್ರಿಯಂ ಸೇರಿಸಿ ಬೇರೆ ರೂಪದಲ್ಲಿ ನಿಲ್ಲಿಸಿರುತ್ತಾರೆ.

ಒಂದು ಮಾತು ನೆನಪಿಡು. ಇದು ತೆಳ್ಳಗೆ, ಚಪ್ಪಟೆ, ಕಂದು ಬಣ್ಣ. ಎಷ್ಟೋ ಸಲ ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಸಣ್ಣದು. ಅಜ್ಜಿ ಮೊರದಲ್ಲಿ ಅಕ್ಕಿ ಕೇರುವಾಗ ನುಚ್ಚನ್ನೂ ಬಿಡದೆ ಬೇರೆ ತೆಗೆದಿಡುತ್ತಿದ್ದಳು, ನೋಡಿದ್ದೀಯಲ್ಲ. ಹಾಗೇ ಮಾಡು. ತೊಳೆದ ನೀರನ್ನು ಸುಮ್ನೆ ಚೆಲ್ಲಬೇಡ, ಮತ್ತೊಮ್ಮೆ ತಟ್ಟೆಯಲ್ಲಿ ಆಡಿಸು. ನಾನು ನಿನ್ನ ವಯಸ್ಸಿನಲ್ಲಿ ಅಂಥ ಐದಾರು ಕಂದು ಹರಳುಗಳನ್ನು ರೂಟೈಲ್ ಎಂಬ ಬೇರೆ ಖನಿಜ ಅಂದುಕೊಂಡು ಎಸೆದೆ. ಸಂಜೆ ಬಸ್ಸಿನ ಅವಸರ. ಆ ಕಲ್ಲು ತೆಗೆದಿದ್ದ ಗುಡ್ಡದ ಮೇಲೆ ಆಮೇಲೆ ರಸ್ತೆ ಬಂತು. ಇವತ್ತಿಗೂ ಆ ದಾರಿಯಲ್ಲಿ ಹೋಗುವಾಗ ಹೊಟ್ಟೆ ಹಿಂಡುತ್ತದೆ.

ಹರಳು ಕರಗಿಸಲು ಹೈಡ್ರೋಫ್ಲೋರಿಕ್ ಆಮ್ಲ ಬೇಕಾಗುತ್ತದೆ. ಒಬ್ಬಳೇ ಇದ್ದಾಗ ಅದನ್ನು ಮುಟ್ಟಲೇಬೇಡ. ಇದರಲ್ಲಿ ನನ್ನ ಮಾತು ಮೀರಬೇಡ.

ದೀಪಾವಳಿಗೆ ಬರುವಾಗ ಲೆನ್ಸ್ ತಾ. ಮಾಜಾಳಿಯಿಂದ ಗುಡ್ಡ ದಾಟಿ ತಿಳಮಾತಿ ಕಡಲತೀರಕ್ಕೆ ಹೋಗೋಣ. ಚಿಕ್ಕವಳಿದ್ದಾಗ ಅಲ್ಲಿಯ ಕರಿ ಮರಳನ್ನು ಎಳ್ಳು ಅಂತ ಜೇಬಿಗೆ ತುಂಬಿಕೊಂಡಿದ್ದೆ, ನೆನಪಿದೆಯಾ? ಅಷ್ಟರೊಳಗೆ ಆ ಹನ್ನೆರಡರ ಫೋಟೋ ಕಳಿಸು.

ಇತಿ,
ನಿನ್ನ ಮಾವ