ಭೇದಿ ಆದಾಗ ನೀರು ನಿಲ್ಲಿಸಬೇಡಿ

ಮಾನ್ಯರೇ,

ಬೇಸಿಗೆ ಬಂತೆಂದರೆ ಇಂಡಿ, ಸಿಂದಗಿ ಕಡೆಯ ಎಷ್ಟೋ ಊರುಗಳಿಗೆ ಟ್ಯಾಂಕರ್ ನೀರೇ ಗತಿ. ಜೊತೆಗೆ ವಾಂತಿ-ಭೇದಿಯ ಭಯ. ಆದರೂ ಮಗುವಿಗೆ ಭೇದಿ ಶುರುವಾದರೆ "ನೀರು ಕೊಟ್ರ ಜಾಸ್ತಿ ಆಗ್ತದ" ಎಂದು ಕೈಯಿಂದ ಲೋಟ ಕಿತ್ತಿಡುವವರು ಈಗಲೂ ಇದ್ದಾರೆ. ಇದು ಜೀವಕ್ಕೇ ಕುತ್ತು ತರುವ ಮಾತು.

ಭೇದಿಯಲ್ಲಿ ನೀರು ಯಾಕೆ ಹೋಗುತ್ತದೆ ಎಂಬುದಕ್ಕೆ ಕಾಲರಾ ಒಂದು ಉದಾಹರಣೆ. ನಮ್ಮ ಜೀವಕೋಶಗಳಲ್ಲಿ ಸೈಕ್ಲಿಕ್ ಎಎಂಪಿ ಎಂಬ ಪುಟ್ಟ ಅಣು ಇದೆ. ಹಾರ್ಮೋನು ತಂದ ಸುದ್ದಿಯನ್ನು ಒಳಗೆ ಮುಟ್ಟಿಸುವುದು ಇದರ ಕೆಲಸ. ಇದನ್ನು ಕಂಡುಹಿಡಿದ ಅರ್ಲ್ ಸದರ್‌ಲ್ಯಾಂಡ್ ಅವರಿಗೆ 1971ರಲ್ಲಿ ನೊಬೆಲ್ ಬಂತು. ಕಾಲರಾ ವಿಷ ಕರುಳಿನ ಕೋಶದೊಳಗೆ ಹೊಕ್ಕು ಈ ಅಣುವನ್ನು ಮಿತಿಮೀರಿ ಹೆಚ್ಚಿಸುತ್ತದೆ. ಆಗ ಉಪ್ಪಿನ ಒಂದು ಅಂಶವಾದ ಕ್ಲೋರೈಡ್ ಕೋಶದಿಂದ ಕರುಳಿನೊಳಗೆ ಸುರಿಯುತ್ತದೆ, ಅದರ ಹಿಂದೆಯೇ ನೀರೂ, ಬಂದ್ ಮಾಡಲಾಗದ ನಲ್ಲಿಯಂತೆ. ರೋಗ ಜೋರಾದರೆ ದೊಡ್ಡವರಲ್ಲಿ ಗಂಟೆಗೆ 1 ಲೀಟರ್‌ವರೆಗೂ ಹೋಗಬಹುದು!

ಆದರೆ ಸಕ್ಕರೆ ಮತ್ತು ಉಪ್ಪನ್ನು ಒಟ್ಟಿಗೆ ಒಳಗೆಳೆಯುವ ದಾರಿ ಕೆಡುವುದಿಲ್ಲ. ಅವುಗಳ ಜೊತೆ ನೀರೂ ಒಳಗೆ ಬರುತ್ತದೆ. ಓಆರ್‌ಎಸ್ (ಸಕ್ಕರೆ, ಉಪ್ಪು ಬೆರೆಸಿದ ನೀರು) ಕೆಲಸ ಮಾಡುವುದು ಹೀಗೆ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬಿಸ್ ಇದನ್ನೇ ಕುಡಿಸಿ ಸಾವಿರಾರು ಜೀವ ಉಳಿಸಿದರು.

ಶಾಲೆಯ ವಿಜ್ಞಾನ ಪಾಠದಲ್ಲೇ ಈ ನೀರನ್ನು ಮಾಡಿ ತೋರಿಸಬೇಕು. ಜಾತ್ರೆಗಳಲ್ಲಿ ಓಆರ್‌ಎಸ್ ಪೊಟ್ಟಣ ಸುಲಭವಾಗಿ ಸಿಗಬೇಕು. ಪೊಟ್ಟಣ ಇಲ್ಲದಿದ್ದರೆ 1 ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಸಾಕು. ಉಪ್ಪು ಮಾತ್ರ ಜಾಸ್ತಿ ಆಗಬಾರದು. ಮಗು ಮಂಕಾದರೆ, ಕಣ್ಣು ಒಳಗೆ ಹೋದರೆ, ಕುಡಿಸುತ್ತಲೇ ಆಸ್ಪತ್ರೆಗೆ ಕರೆದೊಯ್ಯಿರಿ.

– ಓದುಗರೊಬ್ಬರು, ಇಂಡಿ, ವಿಜಯಪುರ ಜಿಲ್ಲೆ